ಚದುರು ಸಂಗ್ರಹ: ಬಚ್ಚಿಟ್ಟ ಬೀಜ ಮರವಾಗುವ ಬಗೆ

ಸಿಕ್ಕ ಆಹಾರವನ್ನು ಒಂದೇ ಕಡೆ ಕೂಡಿಡದೆ, ಇಲ್ಲಿಷ್ಟು ಅಲ್ಲಿಷ್ಟು ಎಂದು ನೂರಾರು ಪುಟ್ಟ ಕುಳಿಗಳಲ್ಲಿ ಹೂತಿಡುವ ಪ್ರಾಣಿಗಳಿವೆ. ಈ ಅಭ್ಯಾಸಕ್ಕೆ ಜೀವಶಾಸ್ತ್ರಜ್ಞರು ‘ಸ್ಕ್ಯಾಟರ್ ಹೋರ್ಡಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ‘ಚದುರು ಸಂಗ್ರಹ’ ಎನ್ನಬಹುದು. ಇದಕ್ಕೆ ಎದುರಾದದ್ದು ‘ಲಾರ್ಡರ್ ಹೋರ್ಡಿಂಗ್’, ಅಂದರೆ ಎಲ್ಲವನ್ನೂ ಒಂದೇ ಜಾಗದಲ್ಲಿ ರಾಶಿ ಹಾಕುವುದು. ಇದಕ್ಕೆ ಹೊಸ ಪದ ಹುಡುಕಬೇಕಿಲ್ಲ, ‘ಕಣಜ’ ಎಂದರೆ ಸಾಕು. ಪೈನ್, ಸ್ಪ್ರೂಸ್, ಫರ್ ಮುಂತಾದ ಕೋನಿಫರ್ ಮರಗಳ ಕಾಡಿನಲ್ಲಿ ಬೀಜವೊಂದು ಮೊಳೆಯುತ್ತದೋ ಇಲ್ಲವೋ ಎಂಬುದನ್ನು ಎಷ್ಟೋ ಸಲ ನಿರ್ಧರಿಸುವುದು ಅದು ಈ ಎರಡರಲ್ಲಿ ಯಾವುದನ್ನು ಸೇರಿತು ಎಂಬುದೇ.

ಮೊದಲು ಕಣಜ ನೋಡೋಣ. ಉತ್ತರ ಅಮೆರಿಕದ ಕೆಂಪು ಅಳಿಲು ಬೇಸಿಗೆ ಮುಗಿಯುವ ಹೊತ್ತಿಗೆ ಸ್ಪ್ರೂಸ್ ಮರವೇರಿ, ಇನ್ನೂ ಬಾಯಿ ಬಿಡದ ಹಸಿರು ಕೋನುಗಳನ್ನು, ಅಂದರೆ ಶಲ್ಕಗಳ (ಗಟ್ಟಿ ಹೊಪ್ಪಳಿಕೆಗಳ) ನಡುವೆ ಬೀಜ ಅಡಗಿಸಿಕೊಂಡ ಕಾಯಿಗಳನ್ನು, ಕಚ್ಚಿ ಕಚ್ಚಿ ಕೆಳಗೆ ಉದುರಿಸುತ್ತದೆ. ಆಮೇಲೆ ಒಂದೊಂದನ್ನೇ ಹೊತ್ತು ತನ್ನ ಕಣಜಕ್ಕೆ ತುಂಬುತ್ತದೆ. ಕಣಜವೆಂದರೆ ಹಿಂದಿನ ಅಳಿಲುಗಳು ತಿಂದು ಬಿಸಾಡಿದ ಕೋನ್ ಶಲ್ಕಗಳ ದಿಬ್ಬ. ಒಂದೇ ದಿಬ್ಬ ಹಲವು ತಲೆಮಾರಿನ ಅಳಿಲುಗಳ ಕೈ ದಾಟಿ ಬಂದಿರುತ್ತದೆ. ಅದರೊಳಗೆ ತಂಪು, ತೇವ. ಒಣಗಿದರೆ ತಾನೇ ಕೋನಿನ ಶಲ್ಕ ಬಿಚ್ಚಿ ಬೀಜ ಹೊರಬೀಳುವುದು? ಇಲ್ಲಿ ಕೋನು ಮುಚ್ಚಿಕೊಂಡೇ ಉಳಿಯುತ್ತದೆ, ಬೀಜ ಕೆಡದೆ ಅಳಿಲಿನ ಚಳಿಗಾಲದ ಊಟವಾಗುತ್ತದೆ. ಮರಕ್ಕೆ ಇದರಿಂದ ಬಿಡಿಗಾಸಿನ ಲಾಭವಿಲ್ಲ.

ಚದುರು ಸಂಗ್ರಹದ ಕತೆ ಬೇರೆ. ಅಮೆರಿಕದ ಸಿಯೆರ ನೆವಾಡ ಪರ್ವತಗಳಲ್ಲಿ ಬೆಳೆಯುವ ಜೆಫ್ರಿ ಪೈನ್ ಮರದ ಬೀಜಕ್ಕೆ ರೆಕ್ಕೆಯಿದೆ. ಆದರೆ ಬೀಜವೇ ಭಾರವಾದ್ದರಿಂದ ಗಾಳಿ ಅದನ್ನು ಬಹುದೂರ ಒಯ್ಯಲಾರದು. ತಾಯಿಮರದ ಆಸುಪಾಸಿನಲ್ಲೇ ಬಿದ್ದ ಬೀಜವನ್ನು ಚಿಪ್‌ಮಂಕ್ ಎಂಬ, ಬೆನ್ನ ಮೇಲೆ ಪಟ್ಟೆಗಳಿರುವ ಪುಟ್ಟ ಅಳಿಲು ಜಾತಿಯ ಪ್ರಾಣಿ ಹೆಕ್ಕುತ್ತದೆ. ರೆಕ್ಕೆ ಕಿತ್ತು ಬೀಜವನ್ನು ಕೆನ್ನೆಚೀಲಕ್ಕೆ ತುಂಬಿಕೊಳ್ಳುತ್ತದೆ. ಕೆನ್ನೆ ಎರಡೂ ಕಡೆ ಉಬ್ಬಿದ ಮೇಲೆ ಓಡಿಹೋಗಿ, ಒಂದು ಕಡೆ ಮುಂಗಾಲಿನಿಂದ ಮಣ್ಣು ಕೆದರಿ, ಕೆಲವು ಬೀಜಗಳನ್ನು ಕುಳಿಗೆ ಒತ್ತಿ, ಮಣ್ಣೆಳೆದು, ಮೇಲೆ ಒಣ ಎಲೆ ಸರಿಸಿ, ಗುರುತೇ ಸಿಗದಂತೆ ಮಾಡಿ ಮುಂದಿನ ಜಾಗಕ್ಕೆ ಹೋಗುತ್ತದೆ. ಆಳ ಒಂದೆರಡು ಸೆಂಟಿಮೀಟರ್, ಅಷ್ಟೆ. ಬೀಜ ಮೊಳೆಯಲು ಬೇಕಾದ ಆಳವೂ ಹೆಚ್ಚುಕಡಿಮೆ ಅದೇ! ನೆಲದ ಮೇಲೆಯೇ ಉಳಿದಿದ್ದರೆ ಬಿಸಿಲಿಗೆ ಒಣಗುತ್ತಿತ್ತು, ಇಲ್ಲವೇ ಇನ್ಯಾವುದೋ ಬಾಯಿಗೆ ಬೀಳುತ್ತಿತ್ತು.

ಸ್ಟೀಫನ್ ವ್ಯಾಂಡರ್ ವಾಲ್ ಎಂಬ ಪರಿಸರ ವಿಜ್ಞಾನಿ ಬೀಜಗಳಿಗೆ ವಿಕಿರಣಶೀಲ ಗುರುತು ಹಾಕಿ, ಅವು ಎಲ್ಲೆಲ್ಲಿ ಹೂತುಹೋದವು ಎಂದು ಉಪಕರಣದಿಂದ ಹುಡುಕಿದರು. ಒಮ್ಮೆ ಹೂತ ಬೀಜ ಅಲ್ಲೇ ಉಳಿಯುವುದಿಲ್ಲ ಎಂಬುದು ಹೀಗೆ ಗೊತ್ತಾಯಿತು. ಚಿಪ್‌ಮಂಕ್ ಅದನ್ನು ಅಗೆದು ಮತ್ತೊಂದು ಕಡೆ ಹೂಳುತ್ತದೆ, ಕೆಲವನ್ನು ಇಲಿಗಳು ಕದ್ದು ತಮ್ಮ ಜಾಗದಲ್ಲಿ ಹೂಳುತ್ತವೆ. ಈ ಕಳ್ಳತನಕ್ಕೂ ಹವೆಗೂ ನಂಟಿದೆ. ಮಣ್ಣು ಒಣಗಿದ್ದಾಗ ಬೀಜದ ವಾಸನೆ ಮೇಲೇಳುವುದಿಲ್ಲ, ಹಾಗಾಗಿ ಹೂತವನಿಗೆ ಮಾತ್ರ ನೆನಪಿನಿಂದ ಜಾಗ ಸಿಗುತ್ತದೆ. ಮಳೆ ಬಿದ್ದು ಮಣ್ಣು ನೆನೆದರೆ ಮೂಗಿರುವ ಎಲ್ಲರಿಗೂ ಸಿಗುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ‘ಅಳಿಲು ಮರೆತ ಬೀಜ ಮರವಾಗುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ಇದು ಅರ್ಧ ಸತ್ಯ, ಆ ಪ್ರಾಣಿಗಳಿಗೆ ಅನ್ಯಾಯ ಕೂಡ. ಅವುಗಳ ನೆನಪು ಗಟ್ಟಿಯಾದದ್ದು. ಬೀಜ ಉಳಿಯುವುದು ಬೇಕಾದ್ದಕ್ಕಿಂತ ಹೆಚ್ಚು ಬಚ್ಚಿಟ್ಟಿದ್ದರಿಂದ, ಇಲ್ಲವೇ ಬಚ್ಚಿಟ್ಟವನು ಗೂಬೆಗೋ, ಮರವೇರಿ ಬೇಟೆಯಾಡುವ ಪುಟ್ಟ ಮೃಗ ಮಾರ್ಟೆನ್‌ಗೋ ಬಲಿಯಾದದ್ದರಿಂದ. ಮರೆವಿಗಿಂತ ಮಿಗುತೆಯೇ ಕಾಡು ಬೆಳೆಸುತ್ತದೆ.

ಮರಗಳೂ ಸುಮ್ಮನಿಲ್ಲ. ಲಾಡ್ಜ್‌ಪೋಲ್ ಪೈನ್ ಮರವನ್ನೇ ನೋಡಿ. ಅಳಿಲುಗಳಿರುವ ಬೆಟ್ಟಗಳಲ್ಲಿ ಅದರ ಕೋನಿನ ಬುಡ ಅಗಲ, ಒಳಗೆ ಬೀಜ ಕಡಿಮೆ. ಅಳಿಲಿಗೆ ಕಷ್ಟ ಜಾಸ್ತಿ, ಸಿಗುವುದು ಸ್ವಲ್ಪ. ಅಮೆರಿಕದ ಐಡಾಹೊ ರಾಜ್ಯದ ಸೌತ್ ಹಿಲ್ಸ್‌ನಂಥ ಅಳಿಲಿಲ್ಲದ ಬೆಟ್ಟಗಳಲ್ಲಿ ಅದೇ ಜಾತಿಯ ಮರ ಕೋನಿಗೆ ಹೆಚ್ಚು ಬೀಜ ತುಂಬುತ್ತದೆ. ಕಾಡ್ಗಿಚ್ಚು ಬರುವವರೆಗೆ ವರ್ಷಗಟ್ಟಲೆ ಮುಚ್ಚಿಕೊಂಡಿರುವ ಕೋನುಗಳೂ ಅಲ್ಲೇ ಹೆಚ್ಚು. ಅಳಿಲಿರುವಲ್ಲಿ ಹಾಗೆ ಮುಚ್ಚಿಕೊಂಡು ನೇತಾಡುವುದೆಂದರೆ ಊಟ ಬಡಿಸಿಟ್ಟು ಕಾದಂತೆ.

ಮರಗಳ ಇನ್ನೊಂದು ಉಪಾಯಕ್ಕೆ ‘ಮಾಸ್ಟಿಂಗ್’ ಎಂದು ಹೆಸರು. ಹಲವು ವರ್ಷ ಬೀಜವನ್ನೇ ಸರಿಯಾಗಿ ಬಿಡದೆ, ಒಂದು ವರ್ಷ ಕಾಡಿನ ಮರಗಳೆಲ್ಲ ಒಟ್ಟಿಗೆ ಬೀಜ ಸುರಿಸುವುದು. ಬರಗಾಲದಲ್ಲಿ ತಿನ್ನುವವರ ಸಂಖ್ಯೆ ಇಳಿದಿರುತ್ತದೆ, ಸುಗ್ಗಿ ಬಂದಾಗ ಇದ್ದಷ್ಟು ಬಾಯಿಗಳಿಗೆ ಎಲ್ಲವನ್ನೂ ತಿಂದು ಮುಗಿಸಲಾಗದು. ಆದರೆ ಕೆನಡಾದ ಯೂಕಾನ್‌ನಲ್ಲಿ 1987ರಿಂದ ಬಿಳಿ ಸ್ಪ್ರೂಸ್ ಕಾಡಿನ ಕೆಂಪು ಅಳಿಲುಗಳನ್ನು ಗಮನಿಸುತ್ತ ಬಂದವರು 2006ರಲ್ಲಿ ಪ್ರಕಟಿಸಿದ ಸಂಗತಿ ನನಗೆ ಇವತ್ತಿಗೂ ಬೆರಗು: ಸುಗ್ಗಿಯ ವರ್ಷದಲ್ಲಿ ಅಳಿಲುಗಳು ಕೋನು ಬಲಿಯುವ ಮೊದಲೇ ಹೆಚ್ಚು ಮರಿ ಹಾಕುತ್ತವೆ, ಕೆಲವು ಎರಡನೆಯ ಸಲವೂ ಹೆರುತ್ತವೆ. ಮುಂದೆ ಬರುವ ಊಟ ಅವುಗಳಿಗೆ ಮೊದಲೇ ತಿಳಿದಂತಿದೆ.

ಸುಗ್ಗಿಯ ವರ್ಷ ಚದುರು ಸಂಗ್ರಹ ಮಾಡುವ ಪ್ರಾಣಿಗಳಿಗೂ ಬಿಡುವಿಲ್ಲ, ತಿನ್ನಲಾರದಷ್ಟು ಹೂಳುತ್ತವೆ. ಹಿಮ ಕರಗಿದ ಮೇಲೆ ಜೆಫ್ರಿ ಪೈನ್ ಕಾಡಿನ ನೆಲದಲ್ಲಿ ಅದರ ಗುರುತು ಕಾಣಬಹುದು. ಗಾಳಿ ಬಿತ್ತಿದ್ದರೆ ಸಸಿಗಳು ಒಂಟೊಂಟಿಯಾಗಿ ಏಳುತ್ತಿದ್ದವು. ಇಲ್ಲಿ ಮೂರು ನಾಲ್ಕು ಸಸಿಗಳು ಒಂದೇ ಕುಳಿಯಿಂದ ಒತ್ತೊತ್ತಾಗಿ ಎದ್ದಿರುತ್ತವೆ, ತುದಿಯಲ್ಲಿ ಇನ್ನೂ ಕಳಚದ ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತುಕೊಂಡು.