ಚಲಕ ಮತ್ತು ಸಂದರ್ಭ: ಈ ಅಂಕಿ ಯಾರದು, ಯಾವಾಗಿನದು?

ಒಂದು ಪಟ್ಟಿಯಲ್ಲಿ ಹೀಗೊಂದು ಸಾಲಿದೆ ಅಂದುಕೊಳ್ಳಿ: 6, 2, 560004, 0. ಏನಾದರೂ ತಿಳಿಯಿತಾ? ಇಲ್ಲ ಅಲ್ವಾ. ಈಗ ಕಾಲಂಗಳ ತಲೆಬರಹ ನೋಡಿ: ವಯಸ್ಸು, ಲಿಂಗ, ಪಿನ್‌ಕೋಡ್, ಸಾಕ್ಷರತೆ. ಬೆಂಗಳೂರಿನ ಬಸವನಗುಡಿಯ ಆರು ವರ್ಷದ ಹುಡುಗಿಯೊಬ್ಬಳು ಕಣ್ಣ ಮುಂದೆ ಬಂದಳು.

ಹೀಗೆ ಸಾಲಿನಿಂದ ಸಾಲಿಗೆ ಬದಲಾಗುವ ಸಂಗತಿಯೇ ವೇರಿಯಬಲ್. ಕನ್ನಡದಲ್ಲಿ ಚಲಕ. ಸಾಮಾನ್ಯವಾಗಿ ಒಂದು ಸಾಲು ಅಂದರೆ ಒಬ್ಬ ವ್ಯಕ್ತಿ, ಒಂದು ಕಾಲಂ ಅಂದರೆ ಒಂದು ಚಲಕ.

ಅಂಕಿಯಲ್ಲಿ ಬರೆದದ್ದೆಲ್ಲ ಅಳತೆ ಅಲ್ಲ. ವಯಸ್ಸು ಅಳತೆ, ಅದನ್ನು ಕೂಡಿಸಿ ಸರಾಸರಿ ತೆಗೆಯಬಹುದು. ಪಿನ್‌ಕೋಡ್ ಬರೀ ಹೆಸರು. ಬಸವನಗುಡಿಯ 560004 ಮತ್ತು ತೀರ್ಥಹಳ್ಳಿಯ 577432 ಕೂಡಿಸಿ ಎರಡರಿಂದ ಭಾಗಿಸಿದರೆ 568718 ಬರುತ್ತದೆ. ಅದು ಎರಡೂರಿನ ನಡುವಿನ ಊರೇನಲ್ಲ! ಇಲ್ಲಿ ಲಿಂಗದ ಕಾಲಂನಲ್ಲಿರುವ 2 ಕೂಡ ಹಾಗೇ, ಹೆಣ್ಣು ಅನ್ನುವುದಕ್ಕೆ ಕೊಟ್ಟ ಗುರುತು. ಕಂಪ್ಯೂಟರ್ ಇದನ್ನೆಲ್ಲ ಕೇಳುವುದಿಲ್ಲ, ಸುಮ್ನೆ ಸರಾಸರಿ ಹಾಕಿ ಕೊಡುತ್ತದೆ.

ಇಷ್ಟು ಸುಲಭ. ಜನ ಜಾಸ್ತಿ ಎಡವುವುದು ಸಂದರ್ಭದಲ್ಲಿ. ಯಾರನ್ನು ಲೆಕ್ಕ ಹಾಕಿದರು, ಯಾವಾಗ, ಹೇಗೆ ಕೇಳಿದರು, ಯಾವ ವ್ಯಾಖ್ಯೆ ಇಟ್ಟುಕೊಂಡರು ಎನ್ನುವುದೆಲ್ಲ ಸಂದರ್ಭ.

ನಮ್ಮ ಹುಡುಗಿಯ ಕೊನೆಯ ಕಾಲಂ ನೋಡಿ. ಸಾಕ್ಷರತೆ: 0. ಅವಳು ಒಂದನೇ ಕ್ಲಾಸು, ಬಸ್ಸಿನ ಬೋರ್ಡನ್ನು ಗಟ್ಟಿಯಾಗಿ ಓದುತ್ತಾಳೆ, ತನ್ನ ಹೆಸರು ಬರೆಯುತ್ತಾಳೆ ಅನ್ನಿ. ಆದರೂ ಜನಗಣತಿಯ ಲೆಕ್ಕದಲ್ಲಿ ಅವಳು ಸಾಕ್ಷರಳಲ್ಲ. ಏಕೆಂದರೆ 2011ರ ಜನಗಣತಿಯ ಪ್ರಕಾರ, ಏಳು ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರಾದರೆ ಮಾತ್ರ ಸಾಕ್ಷರರು. ಶಾಲೆಗೆ ಹೋಗಿರಲೇಬೇಕೆಂದಿಲ್ಲ. ಓದಲು ಬಂದು ಬರೆಯಲು ಬಾರದಿದ್ದರೆ ಲೆಕ್ಕಕ್ಕಿಲ್ಲ.

ಈ ವ್ಯಾಖ್ಯೆ ಮರೆತರೆ ಏನಾಗುತ್ತದೆ? 2011ರಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ, ಸಾಕ್ಷರರು ಸುಮಾರು 4.06 ಕೋಟಿ. ಭಾಗಿಸಿದರೆ ಶೇ. 66.5ರ ಹತ್ತಿರ ಬರುತ್ತದೆ. ಆದರೆ ಸರ್ಕಾರಿ ಅಂಕಿ ಶೇ. 75.36. ಯಾರೂ ಸುಳ್ಳು ಹೇಳುತ್ತಿಲ್ಲ. ಆರು ವರ್ಷದವರೆಗಿನ ಸುಮಾರು 72 ಲಕ್ಷ ಮಕ್ಕಳನ್ನು ಮೊದಲೇ ಬಿಟ್ಟು, ಉಳಿದ 5.39 ಕೋಟಿಯಿಂದ ಭಾಗಿಸಿದ್ದಾರೆ, ಅಷ್ಟೇ. ಇನ್ನೊಂದು ವಿಷಯ: 1981ರವರೆಗೆ ಏಳರ ಬದಲು ಐದು ವರ್ಷದ ಗೆರೆ ಇತ್ತು. ಹಳೆಯ ಕೋಷ್ಟಕವನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಗ್ರಾಫ್ ಎಳೆಯುವ ಮೊದಲು ಇದನ್ನು ನೋಡಿಕೊಳ್ಳಬೇಕು.

ವಯಸ್ಸಿನ ಕಾಲಂ ಕೂಡ ಅಷ್ಟೇನೂ ಸಾಧು ಅಲ್ಲ. ಭಾರತದ ಗಣತಿಗಳಲ್ಲಿ 39 ಅಥವಾ 41ಕ್ಕಿಂತ 40 ಎಂದು ಬರೆಸಿದವರೇ ತುಂಬಾ ಜಾಸ್ತಿ. 45, 50, 60ರಲ್ಲೂ ಹೀಗೇ ಗುಂಪು. ಆ ವರ್ಷಗಳಲ್ಲೇ ಮಕ್ಕಳು ಹೆಚ್ಚು ಹುಟ್ಟಿದ್ದರು ಅಂತಲ್ಲ. ಗಣತಿಯವರು ಬಾಗಿಲಲ್ಲಿ ನಿಂತು ಕೇಳುತ್ತಾರೆ, ಹುಟ್ಟಿದ ದಿನ ಗೊತ್ತಿಲ್ಲದ ಅಜ್ಜಿ ಒಳಗಿನಿಂದಲೇ ಹೇಳುತ್ತಾರೆ: “ಅರವತ್ತು ಅಂತ ಬರ್ಕೊಳಪ್ಪಾ.”