ಗೂಟ ಅಲ್ಲಾಡಿಸಿದರೆ ಯಾಕೆ ಸಡಿಲವಾಗುತ್ತದೆ?

ಹಸು ಕಟ್ಟುವ ಗೂಟ ಕಿತ್ತವರಿಗೆ ಗೊತ್ತು. ಸುಮ್ನೆ ಮೇಲಕ್ಕೆ ಎಳೆದರೆ ಅದು ಜಪ್ಪಯ್ಯ ಅನ್ನುವುದಿಲ್ಲ. ಆ ಕಡೆ ಈ ಕಡೆ ನಾಲ್ಕು ಸಲ ಅಲ್ಲಾಡಿಸಬೇಕು. ಬುಡದ ಸುತ್ತ ಬೆರಳು ತೂರುವಷ್ಟು ಸಂದಿ ಬೀಳುತ್ತದೆ. ಆಮೇಲೆ ಒಂದೇ ಕೈಗೆ ಬರುತ್ತದೆ. ಗೂಟವೂ ಅದೇ, ಮಣ್ಣೂ ಅದೇ. ಹೋಗಿದ್ದು ಮಣ್ಣಿನ ಹಿಡಿತ ಮಾತ್ರ.

ದೊಡ್ಡ ಕಟ್ಟಡಗಳ ಅಡಿಯಲ್ಲೂ ಇಂಥ ಗೂಟಗಳಿರುತ್ತವೆ, ನೆಲದಾಳಕ್ಕೆ ಇಳಿಸಿದ ಕಂಬಗಳು. ಅವಕ್ಕೆ ಪೈಲ್ ಅನ್ನುತ್ತಾರೆ. "ಪೈಲ್ ಹಾಕಿದ್ದಾರೆ ಬಿಡಿ, ಭೂಕಂಪ ಬಂದ್ರೂ ಏನೂ ಆಗಲ್ಲ" ಅನ್ನುವವರನ್ನು ಕಂಡರೆ ನನಗೆ ಕಾಂಡ್ಲಾ ನೆನಪಾಗುತ್ತದೆ. 2001ರ ಜನವರಿ 26ರಂದು ಗುಜರಾತಿನ ಭುಜ್ ಭೂಕಂಪಕ್ಕೆ ಕಾಂಡ್ಲಾ ಬಂದರಿನ ಕಚೇರಿ ಗೋಪುರ ವಾಲಿತು. ಎತ್ತರ ಸುಮಾರು 22 ಮೀಟರ್. ಅಡಿಯಲ್ಲಿ 32 ಪೈಲ್, ಒಂದೊಂದೂ 18 ಮೀಟರ್. ಮೇಲಿನ ಸುಮಾರು 10 ಮೀಟರ್ ಜೇಡಿಮಣ್ಣು ದಾಟಿ ಅವು ನೀರು ತುಂಬಿದ ಮರಳಿನಲ್ಲಿ ನಿಂತಿದ್ದವು. ಸಮುದ್ರದ ದಡದಲ್ಲಿ ಒದ್ದೆ ಮರಳನ್ನು ಕಾಲಲ್ಲಿ ತಟ್ಟುತ್ತಾ ಹೋದರೆ ನೀರು ಮೇಲೆ ಬಂದು ಕಾಲು ಹೂತುಹೋಗುತ್ತದಲ್ಲ, ಆ ಮರಳಿಗೂ ಆಗಿದ್ದು ಅದೇ. ಕಾಲಡಿಯ ನೆಲವೇ ಗಂಜಿಯಾದ ಮೇಲೆ ಪೈಲ್ 32 ಇದ್ದರೇನು, 64 ಇದ್ದರೇನು?

ಮಣ್ಣಿನ ಈ ಹಿಡಿತವನ್ನು ಲೆಕ್ಕಕ್ಕೆ ತರಲು ಎಂಜಿನಿಯರುಗಳು ಬಳಸುವ ಉಪಾಯ ನನಗೆ ತುಂಬಾ ಇಷ್ಟ. ಪೈಲನ್ನು ಕಬ್ಬಿನ ಜಲ್ಲೆಯ ಹಾಗೆ ಗೆಣ್ಣು ಗೆಣ್ಣಾಗಿ ನೋಡುತ್ತಾರೆ. ಪ್ರತಿ ಗೆಣ್ಣಿಗೂ ಪಕ್ಕದಲ್ಲಿ ಒಂದು ಸ್ಪ್ರಿಂಗ್. ಮಣ್ಣು ಅಂದರೆ ಆ ಸ್ಪ್ರಿಂಗುಗಳ ಸಾಲು, ಅಷ್ಟೇ. ಈ ಯೋಚನೆ ವಿಂಕ್ಲರ್ ಎಂಬ ಎಂಜಿನಿಯರನದು, 1867ರದು. ಆಗ ಅವನ ಎದುರಿಗಿದ್ದುದು ಪೈಲಲ್ಲ, ರೈಲು ಹಳಿ!

ಬರೀ ಸ್ಪ್ರಿಂಗುಗಳೇ ಇದ್ದರೆ ಪೈಲ್ ಜೋಕಾಲಿಯಂತೆ ತೂಗುತ್ತಲೇ ಇರುತ್ತದೆ. ನಿಜದಲ್ಲಿ ಹಾಗಾಗುವುದಿಲ್ಲ. ಕೆರೆಗೆ ಕಲ್ಲು ಹಾಕಿದಾಗ ಎದ್ದ ಅಲೆ ದೂರ ಹೋಗಿಬಿಡುತ್ತದೆ, ವಾಪಸ್ ಬರುವುದಿಲ್ಲ. ಪೈಲಿನ ಅಲುಗಾಟವೂ ಹೀಗೇ ಮಣ್ಣಿನೊಳಗೆ ಅಲೆಯಾಗಿ ಹೊರಟುಹೋಗುತ್ತದೆ. ಆ ನಷ್ಟಕ್ಕೆ ಸ್ಪ್ರಿಂಗಿನ ಜೊತೆಗೆ ಒಂದು ಡ್ಯಾಷ್‌ಪಾಟ್. ಬೈಕಿನ ಶಾಕ್ ಅಬ್ಸಾರ್ಬರ್ ಅಂದುಕೊಳ್ಳಿ.

ಈಗ ಗೂಟದ ಕಥೆ. ಈ ಸ್ಪ್ರಿಂಗ್ ಹಳೆ ಪೈಜಾಮದ ಎಲಾಸ್ಟಿಕ್ ಇದ್ದ ಹಾಗೆ, ಎಳೆದಷ್ಟೂ ಜೋಲುತ್ತದೆ. ಸಮುದ್ರದೊಳಗೆ ಎಣ್ಣೆ ತೆಗೆಯುವ ಕಟ್ಟೆಗಳ ಪೈಲನ್ನು ಅಲೆ ಹಗಲೂ ರಾತ್ರಿ ನೂಕುತ್ತಿರುತ್ತದೆ. ಅದಕ್ಕಾಗಿ ಅಮೆರಿಕದ ಎಂಜಿನಿಯರ್ ಹಡ್ಸನ್ ಮ್ಯಾಟ್‌ಲಾಕ್ ಮೆತ್ತನೆ ಜೇಡಿಮಣ್ಣಿನಲ್ಲಿ ಉಕ್ಕಿನ ಪೈಲ್ ಇಳಿಸಿ ಮತ್ತೆ ಮತ್ತೆ ಎಳೆದು ನೋಡಿದ. 1970ರಲ್ಲಿ ಅವನು ಕೊಟ್ಟ ಸೂತ್ರದ ಪ್ರಕಾರ, ಹೀಗೆ ಎಳೆದಾಡಿದ ಮಣ್ಣು ತನ್ನ ಪೂರ್ತಿ ತಾಕತ್ತಿನ 0.72 ಪಾಲಿಗಿಂತ ಜಾಸ್ತಿ ಕೊಡುವುದಿಲ್ಲ. ಅದೂ ಆಳದಲ್ಲಿ. ಅಲುಗಾಟ ದೊಡ್ಡದಾದರೆ ನೆಲದ ಮಟ್ಟದಲ್ಲಿ ಸೊನ್ನೆ. ಗೂಟದ ಬುಡದ ಸಂದಿ ನೆನಪಾಯಿತಲ್ವಾ?

ಅಲೆ, ಮೆಷಿನು, ಗಾಳಿ ಇವೆಲ್ಲ ಪೈಲನ್ನು ತಲೆಯಿಂದ ನೂಕುತ್ತವೆ. ಭೂಕಂಪ ಹಾಗಲ್ಲ. ಅಲ್ಲಿ ಮಣ್ಣೇ ಚಲಿಸಿ ಪೈಲನ್ನು ನೂಕುತ್ತದೆ. ಆದ್ದರಿಂದ ಲೆಕ್ಕದಲ್ಲೂ ಸ್ಪ್ರಿಂಗಿನ ಆಚೆ ತುದಿಯನ್ನು ಅಲುಗಿಸಬೇಕು. 1964ರಲ್ಲಿ ಜಪಾನಿನ ನೀಗಾಟ ನಡುಗಿದಾಗ ಅಲ್ಲಿನ ಮರಳೂ ಗಂಜಿಯಾಗಿ, ಜಾರಿಕೊಂಡು ಹೋಯಿತು. ಒಂದು ಕಟ್ಟಡವನ್ನು ರಿಪೇರಿ ಮಾಡಿ ಜನ ಮತ್ತೆ ಬಳಸತೊಡಗಿದರು. ಸುಮಾರು 20 ವರ್ಷದ ಮೇಲೆ ಅಡಿಪಾಯ ಅಗೆದು ನೋಡಿದರೆ ಪೈಲ್‌ಗಳು ಎರಡೆರಡು ಕಡೆ ಮುರಿದಿದ್ದವು, ತಲೆಯ ಹತ್ತಿರ ಒಂದು, ಬುಡದ ಹತ್ತಿರ ಇನ್ನೊಂದು. ಅಷ್ಟು ವರ್ಷವೂ ಮೇಲೆ ಆಫೀಸು ನಡೆದೇ ಇತ್ತು.