ಟೆಸ್ಟ್ ಫೇಲ್ ಆದ ದಿನವೂ ಮಳೆ ಅಳೆಯಬೇಕು

ಪುಣೆಯ ಹಿಂಜವಡಿಯಲ್ಲಿರುವ ನಮ್ಮ ಸಾಫ್ಟ್‌ವೇರ್ ತಂಡದಲ್ಲಿ ಗದಗಿನ ಹುಡುಗಿಯೊಬ್ಬಳಿದ್ದಾಳೆ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಕಳೆದ ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ನನ್ನ ಟೇಬಲ್ ಹತ್ತಿರ ಬಂದಳು.

"ಸರ್, ಎರಡು ಟೆಸ್ಟ್ ಫೇಲ್ ಆಗ್ಯಾವ್ರಿ. ಕವರೇಜ್ ರಿಪೋರ್ಟೂ ಬರವಲ್ದು. ಮೊದ್ಲ ಅವೆರಡೂ ಸರಿ ಮಾಡ್ಬೇಕೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಟೇಬಲ್ಲಿನ ಹಿರಿಯರು ಹೇಳಿದರು: "ಹೌದಮ್ಮ, ಟೆಸ್ಟ್ ಎಲ್ಲಾ ಪಾಸ್ ಆಗದೆ ರಿಪೋರ್ಟ್ ಬರಲ್ಲ. ಬಂದರೂ ಅದನ್ನ ನಂಬಬಾರದು."

ಈ ಮಾತನ್ನು ಎಷ್ಟು ಕಡೆ ಕೇಳಿದ್ದೇನೋ ಲೆಕ್ಕವಿಲ್ಲ. ಮೊದಲ ಅರ್ಧ ಪೂರ್ತಿ ತಪ್ಪು. ಎರಡನೇ ಅರ್ಧದಲ್ಲಿ ಸ್ವಲ್ಪ ಹುರುಳಿದೆ, ಆದರೆ ಕಾರಣ ಬೇರೆ. ಆ ಕಾರಣ ತುಂಬಾ ಚೆಂದದ್ದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೋಡ್ ಕೊಟ್ಟ ಉತ್ತರ ಸರಿಯೋ ತಪ್ಪೋ ಅಂತ ಹೇಳುವುದು ಟೆಸ್ಟಿನ ಕೆಲಸ. ಉತ್ತರದ ಕಡೆಗೆ ಹೋಗುವಾಗ ಕೋಡಿನ ಯಾವ ಯಾವ ಸಾಲು ಓಡಿತು ಅಂತ ಗುರುತು ಹಾಕುವುದು ಕವರೇಜಿನ ಕೆಲಸ. ಒಂದು ತೀರ್ಪು, ಇನ್ನೊಂದು ಅಳತೆ. ತೀರ್ಪು ಕೆಟ್ಟದಾಗಿ ಬಂತು ಅಂತ ಅಳತೆಯನ್ನು ಬಿಸಾಡಬಹುದಾ?

ನಮ್ಮ ಪುಣೆಯಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಶಿವಾಜಿನಗರದ ಸಿಮ್ಲಾ ಆಫೀಸ್ ಚೌಕ ನೋಡಿದ ಹೊಸಬರು, ಇಲ್ಲಿಗೆ ಸಿಮ್ಲಾ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಹವಾಮಾನ ಇಲಾಖೆಯ ಮುಖ್ಯ ಕಚೇರಿ ಮೊದಲು ಸಿಮ್ಲಾದಲ್ಲಿತ್ತು. 1928ರಲ್ಲಿ ಪುಣೆಗೆ ಬಂತು, ಊರಿನ ಹೆಸರನ್ನೂ ಜೊತೆಗೆ ತಂದಿತು. ಅದೇ ಇಲಾಖೆ 1899ರಲ್ಲಿ ಒಳ್ಳೆಯ ಮುಂಗಾರು ಬರುತ್ತದೆ ಅಂತ ಮುನ್ಸೂಚನೆ ಕೊಟ್ಟಿತ್ತು. ಆಗ ಜಾನ್ ಎಲಿಯಟ್ ಮುಖ್ಯಸ್ಥರು. ಮಳೆ ಕೈಕೊಟ್ಟಿತು, ಭೀಕರ ಬರ ಬಂತು. ಮುನ್ಸೂಚನೆ ಫೇಲ್ ಆಯಿತು. ಆದರೆ ಆ ವರ್ಷವೂ ಊರೂರಲ್ಲಿ ಮಳೆಮಾಪಕ ನೋಡುವುದನ್ನು ನಿಲ್ಲಿಸಲಿಲ್ಲ. ಬಿದ್ದಷ್ಟು ಮಳೆಯನ್ನು ಬರೆದಿಟ್ಟರು.

1904ರಲ್ಲಿ ಎಲಿಯಟ್ ಜಾಗಕ್ಕೆ ಬಂದ ಗಿಲ್ಬರ್ಟ್ ವಾಕರ್ ಗಣಿತದವರು. ವರ್ಷಗಟ್ಟಲೆ ಕೂಡಿಟ್ಟ ಇಂಥ ಅಂಕಿಗಳನ್ನೇ ಮುಂದೆ ಹರಡಿಕೊಂಡು ಕೂತರು. ಪೆಸಿಫಿಕ್ ಕಡೆ ಗಾಳಿಯ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಇಲ್ಲಿ ಏರಿದಾಗ ಅಲ್ಲಿ ಇಳಿಯುತ್ತದೆ ಅನ್ನುವುದು ಅವರ ಕಣ್ಣಿಗೆ ಬಿತ್ತು. ಅದಕ್ಕೆ ಸದರ್ನ್ ಆಸಿಲೇಶನ್ ಅಂತ ಹೆಸರಿಟ್ಟರು. ಇವತ್ತು ಎಲ್ ನಿನೋ ಅಂದಾಗಲೆಲ್ಲ ಅದರ ಜೊತೆಗೇ ಬರುವ ಹೆಸರು ಅದು. ಮುನ್ಸೂಚನೆ ತಪ್ಪಿದ ವರ್ಷಗಳ ಲೆಕ್ಕ ಬೇಡ ಅಂತ ಹರಿದು ಹಾಕಿದ್ದರೆ ಅವರ ಕೈಗೆ ಏನು ಸಿಗುತ್ತಿತ್ತು?

ಹಾಗಾದರೆ ಹುಡುಗಿಯ ರಿಪೋರ್ಟ್ ಎಲ್ಲಿ ಹೋಯಿತು? ಎಲ್ಲೂ ಹೋಗಿರಲಿಲ್ಲ. ಅವಳ ಕೋಡ್ ಜಾವಾದ್ದು, ಬಿಲ್ಡ್ ಮಾಡುವುದು, ಅಂದರೆ ಕೋಡ್ ಜೋಡಿಸಿ ಟೆಸ್ಟ್ ಓಡಿಸುವುದು ಮೇವನ್, ಕವರೇಜ್ ಅಳೆಯುವುದು ಜಾಕೋಕೋ. ಮೇವನ್ ಕೆಲಸಗಳನ್ನು ಒಂದರ ಹಿಂದೆ ಒಂದರಂತೆ ಮಾಡುತ್ತದೆ. ಟೆಸ್ಟ್ ಹಂತದಲ್ಲಿ ಎಡವಿದರೆ ಅಲ್ಲೇ ನಿಂತುಬಿಡುತ್ತದೆ. ರಿಪೋರ್ಟ್ ಬರೆಯುವ ಕೆಲಸ ಸಾಮಾನ್ಯವಾಗಿ ಅದರ ಮುಂದಿನ ವೆರಿಫೈ ಹಂತದಲ್ಲಿರುತ್ತದೆ. ಅಲ್ಲಿಗೆ ಸರದಿ ಬರುವುದೇ ಇಲ್ಲ. ಆದರೆ ಅಳತೆ ಆಗಲೇ ಮುಗಿದಿರುತ್ತದೆ! ಟಾರ್ಗೆಟ್ ಫೋಲ್ಡರ್ ಒಳಗೆ ಜಾಕೋಕೋ ಡಾಟ್ ಎಕ್ಸೆಕ್ ಅನ್ನುವ ಫೈಲ್ ಸುಮ್ನೆ ಕೂತಿರುತ್ತದೆ. ಜಾಕೋಕೋದ ರಿಪೋರ್ಟ್ ಕಮಾಂಡ್ ಒಂದನ್ನೇ ಬೇರೆಯಾಗಿ ಕೊಟ್ಟರೆ ಆಯಿತು. ಅದಕ್ಕೂ ಮೊದಲು ಅಭ್ಯಾಸಬಲದಿಂದ ಕ್ಲೀನ್ ಅಂತ ಹೊಡೆಯಬೇಡಿ. ಇಡೀ ಫೋಲ್ಡರೇ ಅಳಿಸಿಹೋಗುತ್ತದೆ.

ಟೆಸ್ಟ್ ಫೇಲ್ಯೂರ್ ಇಗ್ನೋರ್ ಅನ್ನುವ ಸೆಟ್ಟಿಂಗ್ ಕೂಡ ಇದೆ. ಅದನ್ನು ಹಾಕಿದರೆ ರಿಪೋರ್ಟ್ ಬರುತ್ತದೆ, ಆದರೆ ಬಿಲ್ಡ್ ಕೂಡ ಪಾಸ್ ಅಂತ ತೋರಿಸುತ್ತದೆ. ನನಗದು ಇಷ್ಟವಿಲ್ಲ. ಅಳತೆ ಬೇಕು ಅಂತ ತೀರ್ಪನ್ನೇ ತಿದ್ದಿದ ಹಾಗಾಯಿತು, ಅಲ್ವಾ? ಮೇವನ್ ಥರದ್ದೇ ಇನ್ನೊಂದು ಟೂಲ್ ಗ್ರೇಡಲ್‌ನಲ್ಲಿ ಫೈನಲೈಸ್ಡ್ ಬೈ ಅಂತ ಒಂದು ಸಾಲು ಬರೆದರೆ ಟೆಸ್ಟ್ ಬಿದ್ದರೂ ರಿಪೋರ್ಟ್ ಬರುತ್ತದೆ, ಬಿಲ್ಡ್ ಮಾತ್ರ ಫೇಲ್ ಆಗಿಯೇ ಉಳಿಯುತ್ತದೆ. ಇದು ಸರಿಯಾದ ದಾರಿ. ಪೈಥಾನ್‌ನ ಕವರೇಜ್ ಅಳೆಯುವ ಪೈಟೆಸ್ಟ್ ಕವ್ ಅಂತೂ ಏನೂ ಹೇಳದಿದ್ದರೂ ರಿಪೋರ್ಟ್ ಕೊಡುತ್ತದೆ. ಬೇಡ ಅನ್ನುವವರೇ ಅದಕ್ಕೆ ಬೇರೆ ಆಪ್ಶನ್ ಹಾಕಬೇಕು. ಅಂದರೆ ರಿಪೋರ್ಟ್ ಬರುವುದೂ ಬಿಡುವುದೂ ಟೂಲ್ ಮಾಡಿದವರ ಆಯ್ಕೆ.

ಹುಡುಗಿ ಕಮಾಂಡ್ ಕೊಟ್ಟಳು, ರಿಪೋರ್ಟ್ ಬಂತು. ಅದರಲ್ಲಿ ಓಡಿದ ಸಾಲಿಗೆ ಹಸಿರು ಬಣ್ಣ, ಓಡದ್ದಕ್ಕೆ ಕೆಂಪು. ಅವಳದು ಬ್ಯಾಂಕ್ ಸಾಲದ ಕಂತು ಲೆಕ್ಕ ಹಾಕುವ ಕೋಡ್. ಫೇಲ್ ಆದ ಮೊದಲ ಟೆಸ್ಟಿನಲ್ಲಿ ಕಂತು ಒಂದು ಪೈಸೆ ಹೆಚ್ಚು ಬಂದಿತ್ತು. ಅಲ್ಲಿ ಓಡಿದ ಸಾಲುಗಳೆಲ್ಲ ಹಸಿರು. ಎರಡನೆಯದು ಸಾಲವನ್ನು ಪೂರ್ತಿ ತೀರಿಸಿದವರ ಲೆಕ್ಕ. ಬಾಕಿ ತಿಂಗಳು ಸೊನ್ನೆ, ಸೊನ್ನೆಯಿಂದ ಭಾಗಿಸಲು ಹೋಗಿ ಎಕ್ಸೆಪ್ಶನ್ ಬಂದಿತ್ತು, ಅಂದರೆ ಕೋಡ್ ಮಧ್ಯದಲ್ಲೇ ಮುರಿದುಬಿದ್ದಿತ್ತು. ಆ ಸಾಲು ಕೆಂಪು.

"ಈ ಸಾಲಿಗೆ ಟೆಸ್ಟ್ ಬರ್ದೀನ್ರಿ ಸರ್. ಓಡಿದ್ದಕ್ಕನ ಎಕ್ಸೆಪ್ಶನ್ ಬಂದದ. ಮತ್ತ ಓಡೇ ಇಲ್ಲ ಅಂತ ಯಾಕ್ ತೋರಿಸ್ತದ್ರಿ?"

ಎಂಥ ಒಳ್ಳೆಯ ಪ್ರಶ್ನೆ! ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ನೆನಪಿಸಿಕೊಳ್ಳಿ. ಮುಂಬೈಯಿಂದ ಬರುವಾಗ ಮೊದಲು ಖಾಲಾಪುರದ ಟೋಲ್ ನಾಕಾ, ಆಮೇಲೆ ಘಾಟ್, ಆಮೇಲೆ ತಳೇಗಾಂವ್ ಹತ್ತಿರ ಉರ್ಸೆಯ ನಾಕಾ. ಘಾಟಿನಲ್ಲಿ ಪ್ರತಿ ಮಾರಿಗೂ ಒಬ್ಬನನ್ನು ನಿಲ್ಲಿಸಿ ಗಾಡಿ ಎಣಿಸಲು ಆಗುತ್ತದಾ? ಬೇಕಾಗಿಯೂ ಇಲ್ಲ. ಖಾಲಾಪುರ ದಾಟಿ ಉರ್ಸೆಗೆ ಬಂದ ಗಾಡಿ ಘಾಟ್ ದಾಟಿಯೇ ಬಂದಿರಬೇಕು. ಜಾಕೋಕೋ ಮಾಡುವುದೂ ಇದನ್ನೇ. ಕೋಡ್‌ನ ಆಯ್ದ ಜಾಗಗಳಲ್ಲಿ ಸಣ್ಣ ನಾಕಾ ಇಡುತ್ತದೆ. ಅವನ್ನು ಪ್ರೋಬ್ ಅನ್ನುತ್ತಾರೆ. ಒಂದೊಂದು ಪ್ರೋಬೂ ಒಂದೊಂದು ಸ್ವಿಚ್ ಇದ್ದ ಹಾಗೆ. ಓಟ ಅಲ್ಲಿಗೆ ಬಂದರೆ ಆನ್, ಇಲ್ಲದಿದ್ದರೆ ಆಫ್. ಎಷ್ಟು ಸಲ ಬಂತು ಅನ್ನುವ ಲೆಕ್ಕ ಇಲ್ಲ. ನಾಕಾ ಆನ್ ಆದರೆ ಅದರ ಹಿಂದಿನ ಸಾಲುಗಳೆಲ್ಲ ಓಡಿವೆ ಅಂತ ಅರ್ಥ.

ಈಗ ಬಸ್ಸು ಘಾಟಿನ ಮಧ್ಯದಲ್ಲೇ ಕೆಟ್ಟು ನಿಂತಿತು ಅಂದುಕೊಳ್ಳಿ. ಖಾಲಾಪುರಕ್ಕೆ ಗೊತ್ತು, ಉರ್ಸೆಗೆ ಗೊತ್ತಿಲ್ಲ. ಬಸ್ಸು ಅರ್ಧ ಘಾಟ್ ಹತ್ತಿದ್ದು ನಿಜ, ಆದರೆ ಪುಸ್ತಕದಲ್ಲಿ ಇಡೀ ಘಾಟ್ ಖಾಲಿ. ಎಕ್ಸೆಪ್ಶನ್ ಅಂದರೆ ಆ ಕೆಟ್ಟ ಬಸ್ಸು. ಮುಂದಿನ ಪ್ರೋಬ್ ತನಕ ಓಟ ಬರಲಿಲ್ಲ, ಹಾಗಾಗಿ ಮುರಿದ ಸಾಲೇ ಕೆಂಪಾಗಿ ಕಾಣುತ್ತದೆ. ಈ ತೊಂದರೆ ಕಡಿಮೆಯಾಗಲಿ ಅಂತ ಜಾಕೋಕೋ ಒಂದು ಕೆಲಸ ಮಾಡುತ್ತದೆ. ಮುಂದಿನ ಸಾಲಿನಲ್ಲಿ ಬೇರೆ ಮೆಥಡ್, ಅಂದರೆ ಕೋಡಿನ ಇನ್ನೊಂದು ತುಂಡು, ಕರೆಯುವುದಿದ್ದರೆ, ಅದಕ್ಕೆ ಮುಂಚೆ ಇನ್ನೊಂದು ನಾಕಾ ಇಡುತ್ತದೆ. ಆದರೆ ಸೊನ್ನೆಯಿಂದ ಭಾಗಿಸುವ ಸಾಲಿಗೆ ಅದರಿಂದ ಉಪಯೋಗವಿಲ್ಲ.

ಪೈಥಾನ್‌ನ ಸಾಮಾನ್ಯ ಕವರೇಜ್ ಟೂಲ್‌ನಲ್ಲಿ ಇದು ಉಲ್ಟಾ. ಅಲ್ಲಿ ಸಾಲು ಶುರುವಾಗುವ ಮುಂಚೆಯೇ ಗುರುತು ಬೀಳುತ್ತದೆ. ನಾಕಾ ಘಾಟಿನ ಬುಡದಲ್ಲಿದ್ದ ಹಾಗೆ. ಅದೇ ತಪ್ಪು, ಅದೇ ಸಾಲು, ಬಣ್ಣ ಮಾತ್ರ ಹಸಿರು.

ಅದಕ್ಕೇ ಫೇಲ್ ಆದ ಟೆಸ್ಟುಗಳಲ್ಲಿ ಎರಡು ಜಾತಿ ಅನ್ನುವುದನ್ನು ಮರೆಯಬಾರದು. ಮೇವನ್ ಕೂಡ ಫೇಲ್ಯೂರ್ಸ್, ಎರರ್ಸ್ ಅಂತ ಬೇರೆ ಬೇರೆ ಎಣಿಸುತ್ತದೆ. ಮೊದಲನೆಯದರಲ್ಲಿ ಕೋಡ್ ಕೊನೆತನಕ ಓಡಿರುತ್ತದೆ, ಉತ್ತರ ತಪ್ಪಿರುತ್ತದೆ. ಎರಡನೆಯದರಲ್ಲಿ ದಾರಿಯಲ್ಲೇ ಮುರಿದಿರುತ್ತದೆ. ಟೆಸ್ಟಿನಲ್ಲಿ ಆಮೇಲೆ ಬರಬೇಕಿದ್ದ ಸಾಲುಗಳೂ ಓಡುವುದಿಲ್ಲ. ಹಾಗಾಗಿ ಇಂಥ ದಿನದ ಶೇಕಡಾವಾರು ಅಂಕಿಯನ್ನು ನಿನ್ನೆಯ ಅಂಕಿಯ ಪಕ್ಕ ಇಟ್ಟು ಹೋಲಿಸಬಾರದು. ಹಿರಿಯರ ಮಾತಿನಲ್ಲಿದ್ದ ಹುರುಳು ಇಷ್ಟೇ.

ನಿಜವಾಗಿಯೂ ಅಳತೆ ಕಳೆದುಹೋಗುವ ಸಂದರ್ಭ ಬೇರೆ. ಜಾಕೋಕೋ ತನ್ನ ಲೆಕ್ಕವನ್ನು ಫೈಲಿಗೆ ಬರೆಯುವುದು ಜಾವಾ ಮುಚ್ಚಿಕೊಳ್ಳುವಾಗ. ಮೆಮೊರಿ ಜಾಸ್ತಿ ತಿಂತು ಅಂತ ಆಪರೇಟಿಂಗ್ ಸಿಸ್ಟಮ್ ಅದನ್ನು ಬಲವಂತವಾಗಿ ಕೊಂದರೆ ಬರೆಯಲು ಸಮಯವೇ ಸಿಗುವುದಿಲ್ಲ. ಆಗ ಫೈಲ್ ಖಾಲಿ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ.

ಹುಡುಗಿ ಆ ಕೆಂಪು ಸಾಲಿಗೆ ಇನ್ನೊಂದು ಟೆಸ್ಟ್ ಬರೆಯಲು ಹೊರಟಿದ್ದಳು. ಅದರ ಬದಲು ಭಾಗಾಕಾರಕ್ಕೆ ಮುಂಚೆ ಬಾಕಿ ತಿಂಗಳು ಸೊನ್ನೆಯಾ ಅಂತ ನೋಡುವ ಸಾಲು ಸೇರಿಸಿದಳು. ಇದ್ದ ಟೆಸ್ಟೇ ಪಾಸ್ ಆಯಿತು. ಪೈಸೆಯದು ಉಳಿಯಿತು. ಅರ್ಧ ಪೈಸೆ ಬಂದರೆ ಮೇಲಕ್ಕೋ ಕೆಳಕ್ಕೋ ಅಂತ ಬ್ಯಾಂಕಿನವರನ್ನು ಕೇಳಬೇಕು. ಸೋಮವಾರದ ತನಕ ಬಿಲ್ಡ್ ಫೇಲ್ ಆಗಿಯೇ ಇತ್ತು, ರಿಪೋರ್ಟ್ ಅದರ ಪಕ್ಕದಲ್ಲೇ ಇತ್ತು.